ಶಿರವಾಳದ ಡಬ್ಬಿಯ ತವರುಮನೆ

ಶಹಾಪುರದ ನಮ್ಮ ಕಾಲುವೆ ಕಚೇರಿಯಲ್ಲಿ ಚಂದ್ರಾಮಪ್ಪನ ಹುದ್ದೆ ಯಾವುದು ಎಂದು ಯಾರಾದರೂ ಕೇಳಿದರೆ ನಾವೆಲ್ಲ ಸ್ವಲ್ಪ ಯೋಚನೆ ಮಾಡುತ್ತೇವೆ. ಅವನು ಸೇರಿದ್ದು ಟೈಪಿಸ್ಟ್ ಆಗಿ. ಟೈಪ್ ಮಷೀನು ಗುಜರಿಗೆ ಹೋದಾಗ ಅದರ ಜೊತೆ ಇವನನ್ನೂ ಕಳಿಸಲು ನಿಯಮ ಇರಲಿಲ್ಲವಾದ್ದರಿಂದ ಕಂಪ್ಯೂಟರ್ ಮುಂದೆ ಕೂಡಿಸಿದರು. ಆಮೇಲೆ ಕಾಲುವೆಯ ಗೇಟುಗಳಿಗೆ ಮೋಟಾರು ಬಂದವು, ಮೋಟಾರುಗಳಿಗೆ ಕಚೇರಿಯಿಂದಲೇ ಹುಕುಂ ಕೊಡುವ ಏರ್ಪಾಡು ಬಂತು. ಆಗ, ಕಂಪ್ಯೂಟರ್ ಮುಂದೆ ಕೂತಿದ್ದಾನೆ ಎಂಬ ಒಂದೇ ಅರ್ಹತೆಯ ಮೇಲೆ, ಅವನಿಗೆ ನೆಟ್‌ವರ್ಕ್ ಉಸ್ತುವಾರಿ ವಹಿಸಿದರು. ನನ್ನದು ಟಪಾಲು ವಿಭಾಗ. ನನ್ನ ಮೇಜು ಅವನ ಮೇಜಿಗೆ ಹತ್ತಿಯೇ ಇದೆ. ಆದ್ದರಿಂದ ಆ ಶ್ರಾವಣದಲ್ಲಿ ನಡೆದದ್ದಕ್ಕೆಲ್ಲ ನಾನು ಸಾಕ್ಷಿ. ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ಇದನ್ನೇ ಬೇರೆ ಥರ ಹೇಳುತ್ತಾರೆ; ದಯವಿಟ್ಟು ನಂಬಬೇಡಿ.

ಏರ್ಪಾಡು ಹೀಗಿತ್ತು. ಪ್ರತಿ ಗೇಟಿನ ಪಕ್ಕ ಒಂದು ಸಣ್ಣ ಕೋಣೆ, ಕೋಣೆಯಲ್ಲಿ ಒಂದು ಡಬ್ಬಿ. ಕಚೇರಿಯ ಹುಕುಂ ಆ ಡಬ್ಬಿಗೆ ಬರುತ್ತದೆ, ಡಬ್ಬಿ ಮೋಟಾರಿಗೆ ಹೇಳುತ್ತದೆ, ಗೇಟು ಮೇಲೇಳುತ್ತದೆ. ನಾನು ಯಾರು, ನನ್ನ ವಿಳಾಸ ಏನು, ಯಾರ ಮಾತು ಕೇಳಬೇಕು ಎಂಬ ಸೆಟ್ಟಿಂಗುಗಳೆಲ್ಲ ಡಬ್ಬಿಯೊಳಗೆ ಇರುತ್ತವೆ. ಸಿಡಿಲು ಬಡಿದರೆ, ಹಲ್ಲಿ ಹೊಕ್ಕರೆ, ಡಬ್ಬಿಗೆ ತಾನು ಯಾರೆಂಬುದೇ ಮರೆತುಹೋಗುತ್ತದೆ. ಆಗ ನೆನಪಿಸಲು ಸೆಟ್ಟಿಂಗುಗಳ ನಕಲು ಕಚೇರಿಯಲ್ಲಿ ಇರಬೇಕು. ಅದೂ ಸುಮ್ಮನೆ ಅಲ್ಲ. ಹೊಸದು ಬಂತೆಂದು ಹಳೆಯದನ್ನು ಅಳಿಸದೆ, ಯಾರು ಬದಲಿಸಿದರು, ಯಾಕೆ ಬದಲಿಸಿದರು ಎಂಬ ವಿವರದ ಸಮೇತ ಪದರ ಪದರವಾಗಿ ಇಡಬೇಕು; ನೆನಪಿಸುವಾಗ ಎಲ್ಲಕ್ಕಿಂತ ಮೇಲಿನ ಪದರವೇ ಡಬ್ಬಿಗೆ ಹೋಗುತ್ತದೆ. ಇಂಥ ಒಂದೊಂದು ಸಂಗ್ರಹಕ್ಕೂ ರೆಪೊಸಿಟರಿ ಎನ್ನುತ್ತಾರಂತೆ. ಚಂದ್ರಾಮಪ್ಪ ಕಲಬುರಗಿಯ ತರಬೇತಿ ಮುಗಿಸಿ ಬರುವ ಬಸ್ಸಿನಲ್ಲೇ ಅದಕ್ಕೆ 'ಹಗೇವು' ಎಂದು ಹೆಸರಿಟ್ಟ. ನೆಲದೊಳಗೆ ಜೋಳ ತುಂಬಿ ಬಾಯಿ ಮುಚ್ಚಿಡುವ ಹಗೇವನ್ನು ಕಂಡ ನಮಗೆಲ್ಲ ಆ ಹೆಸರು ಸರಿಯೆನಿಸಿತು. ಸಾಹೇಬರು ಕೂಡ ಅದನ್ನೇ ಹಿಡಿದರು.

ತರಬೇತಿಯ ಮೇಲೆ ಅವನ ನಡಿಗೆಯೇ ಬದಲಾಯಿತು. ಚಹಾದಂಗಡಿಯಲ್ಲಿ ಕೂತು, "ಕಾಲುವಿದು ಇಡೀ ಇತಿಹಾಸ ಈಗ ನನ್ನ ಕೈಯಾಗ ಅದ. ಬೇಕಂದ್ರ ಹೋದ ವರ್ಷದ್ದು ಇವತ್ತ ತರತೀನಿ" ಎಂದು ಹೇಳುತ್ತಿದ್ದ. ಪಕ್ಕದ ಮನೆಯ ಹುಸೇನಬೀ ಅದನ್ನು ಕೇಳಿ, ಹೋದ ವರ್ಷ ಕಳೆದುಹೋದ ತನ್ನ ಆಡನ್ನು ತರಲು ಆಗುತ್ತದೆಯೇ ಎಂದು ವಿಚಾರಿಸಿದ್ದೂ ಉಂಟು.

ಆದರೆ ಹಗೇವುಗಳು ಮಾತ್ರ ಹೇಗೆ ಬೇಕೋ ಹಾಗೆ ಬಿದ್ದಿದ್ದವು. ಕೆಲವಕ್ಕೆ ಊರ ಹೆಸರು, ಕೆಲವಕ್ಕೆ ಡಬ್ಬಿಯ ಮೇಲಿನ ನಂಬರು, ಒಂದಕ್ಕಂತೂ 'ಹೊಸದು, ಮುಟ್ಟಬೇಡಿ' ಎಂದೇ ಹೆಸರು. ಜಗದೇವಪ್ಪ ಸಾಹೇಬರು ಒಂದು ದಿನ ಅದನ್ನು ನೋಡಿ ಕನ್ನಡಕ ತೆಗೆದರು. ಸಾಹೇಬರು ಕನ್ನಡಕ ತೆಗೆದರೆ ಕಚೇರಿಯಲ್ಲಿ ಫ್ಯಾನ್ ಸದ್ದು ಕೇಳಿಸುತ್ತದೆ.

"ಚಂದ್ರಾಮಪ್ಪ, ಪಂಚಮಿ ಬರೂದ್ರಾಗ ಇವೆಲ್ಲ ಒಂದು ಸಾಲಿಗಿ ಬರಬೇಕ್ರಿ. ಇಲ್ಲಂದ್ರ ರಜಾ ಕೇಳಬ್ಯಾಡ್ರಿ."

ಪಂಚಮಿಯ ರಜೆ ಎಂದರೆ ಆ ವರ್ಷ ಚಂದ್ರಾಮಪ್ಪನಿಗೆ ಸಾಮಾನ್ಯ ಮಾತಲ್ಲ. ಒಬ್ಬಳೇ ಮಗಳು ಮರಿಲಿಂಗಮ್ಮನನ್ನು ಬೇಸಿಗೆಯಲ್ಲಿ ಶಿರವಾಳಕ್ಕೆ ಕೊಟ್ಟಿದ್ದ. ಮದುವೆಯಾದ ಮೇಲಿನ ಮೊದಲ ಪಂಚಮಿ. ಮಗಳು ತವರಿಗೆ ಬರಬೇಕು, ಕರೆಯಲು ಅಪ್ಪನೇ ಹೋಗಬೇಕು, ಜೋಕಾಲಿ ಕಟ್ಟಬೇಕು. ಹೆಂಡತಿ ಮೋನಮ್ಮ ಉಂಡಿ ಕಟ್ಟಲೆಂದು ಶೇಂಗಾ ಹುರಿಯಲು ಸುರು ಮಾಡಿದ್ದಳು. ಮಗಳು ಇಲ್ಲದ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಟೀವಿಯ ಸದ್ದು ಏರಿಸಿಕೊಂಡು ಕೂಡುತ್ತಿದ್ದರು ಎಂಬುದನ್ನು ಓಣಿಯೆಲ್ಲ ಬಲ್ಲದು.

ಅಡ್ಡಿ ಇದ್ದದ್ದು ಬೀಗನದು. ಬೀಗ ಹಣಮಂತ್ರಾಯನಿಗೆ ಮದುವೆಯ ದಿನದಿಂದಲೂ ಮುನಿಸು. ಬೀಗರ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಬಡಿಸುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗಿ, ಕತ್ತಲೆಯಲ್ಲಿ ಅವನ ಹೋಳಿಗೆಯ ಮೇಲೆ ಸಾರು ಬಿದ್ದಿತ್ತು. ಬೇಕೆಂದೇ ಮಾಡಿದರು ಎಂದು ಅವನು ನಂಬಿದ್ದ. ಚಂದ್ರಾಮಪ್ಪ ಫೋನು ಮಾಡಿ ಪಂಚಮಿಯ ಮಾತೆತ್ತಿದಾಗ ಬೀಗನ ಉತ್ತರ ನನ್ನ ಮೇಜಿನ ತನಕ ಕೇಳಿಸಿತು.

"ಈ ಸಲ ಕಳಸಾಕ ಆಗೂದಿಲ್ರಿ ಬೀಗರ. ನೆಲ್ಲು ಹಚ್ಚಬೇಕು. ಕಾಲುವಿಗಿ ನೀರು ಬಂದ್ರ ಹಚ್ಚತೀವಿ, ಬರಲಿಲ್ಲಂದ್ರ ಬರತಾವೇನೋ ಅಂತ ಕುಂದರತೀವಿ. ಎರಡಕ್ಕೂ ಮಂದಿ ಬೇಕು."

ಶಿರವಾಳ ಕಾಲುವೆಯ ಬಾಲದಲ್ಲಿದೆ. ಪಾಳಿಯ ಪ್ರಕಾರ ಅದರ ಗೇಟು ತೆರೆಯುತ್ತದೆ, ಆದರೆ ಮೇಲಿನವರೆಲ್ಲ ಕುಡಿದು ಉಳಿದರೆ ತಾನೇ ನೀರು.

ಫೋನಿಟ್ಟ ಚಂದ್ರಾಮಪ್ಪ ಸಾಹೇಬರ ಕೆಲಸಕ್ಕೆ ಕೂತ. ಬೀಗ ಮನಸ್ಸು ಬದಲಿಸಿದರೆ ರಜೆಯಾದರೂ ಕೈಯಲ್ಲಿರಲಿ ಎಂಬ ಆಸೆ. ಈ ಯಂತ್ರಗಳ ವಿದ್ಯೆ ಬಲ್ಲ ವಹಾಬ ಎಂಬ ಟೆಕ್ನಿಷಿಯನ್ ಸುರಪುರದಲ್ಲಿದ್ದ. ಅವನು ಫೋನಿನಲ್ಲಿ ದಾರಿ ಹೇಳಿದ.

"ಚಂದ್ರಾಮಣ್ಣ, ಒಂದು ಜಾಗಾಕ್ಕ ಒಂದು ಹಗೇವು. ಡಬ್ಬಿ ಇವತ್ತ ಇಲ್ಲಿ ಇರತಾದ, ನಾಳಿ ರಿಪೇರಿಗಿ ಹೋಗಿ ಮತ್ತೊಂದು ಕಡಿ ಕೂಡತಾದ. ಜಾಗಾ ಎಲ್ಲಿಗೂ ಹೋಗೂದಿಲ್ಲ. ಡಬ್ಬಿ ಹಿಂದ ಬೆನ್ನು ಹತ್ತಬ್ಯಾಡ."

ಚಂದ್ರಾಮಪ್ಪ ಹೂಂಗುಟ್ಟಿದ. ಎಲ್ಲ ಗೇಟುಗಳಿಗೂ ಹಾಗೆಯೇ ಮಾಡಿದ. ಶಿರವಾಳದ ಗೇಟಿಗೆ ಬಂದಾಗ ಮಾತ್ರ ಅವನ ಕೈ ನಿಂತಿತು.

ಕಾರಣ ಇಷ್ಟೇ. ಶಿರವಾಳದ ಆ ಡಬ್ಬಿ ಮೊದಲು ಕಾಲುವೆಯ ಮೇಲ್ಭಾಗದ ಹುಣಸಗಿ ಬದಿಯ ಗೇಟಿನಲ್ಲಿತ್ತು. ಹುಣಸಗಿಗೆ ಹೊಸದು ಬಂದದ್ದರಿಂದ ಇದನ್ನು ತಂದು ಶಿರವಾಳದಲ್ಲಿ ಕೂಡಿಸಿದ್ದರು. ಕೂಡಿಸಿದ್ದು, ಯೋಗಾಯೋಗ ನೋಡಿ, ಮರಿಲಿಂಗಮ್ಮನ ಮದುವೆಯಾದ ವಾರದಲ್ಲೇ. ಹುಣಸಗಿಯಲ್ಲಿದ್ದಾಗಿನ ಅದರ ಹಳೆಯ ಪದರಗಳೆಲ್ಲ ಚಂದ್ರಾಮಪ್ಪನ ಮುಂದೆ ಇದ್ದವು. ಶಿರವಾಳದ ಹಗೇವಿನಲ್ಲಿ ಅವಕ್ಕೆ ಜಾಗವಿಲ್ಲ ಎಂದು ವಹಾಬನ ನಿಯಮ ಹೇಳುತ್ತಿತ್ತು.

"ಅಲ್ಲಪಾ," ಎಂದು ಅವನು ನನ್ನ ಕಡೆ ತಿರುಗಿದ, "ಹುಟ್ಟಿ ಬೆಳದದ್ದು ಅಲ್ಲಿ. ಇನ್ನೊಂದು ಕಡಿ ಕೊಟ್ಟೀವಂದ್ರ ಹಿಂದಿಂದೆಲ್ಲ ಇಲ್ಲ ಅಂದಂಗ ಆಯ್ತೇನು?"

ನಾನು ಯಾವುದೋ ಲಕೋಟೆಗೆ ಅಂಟು ಹಚ್ಚುತ್ತ, "ಇಲ್ಲ ಅಂತ ಹ್ಯಾಂಗ ಅನ್ನೂದು" ಎಂದುಬಿಟ್ಟೆ. ಈ ಪ್ರಕರಣದಲ್ಲಿ ನನ್ನ ಪಾಲು ಅಷ್ಟೇ. ಚಂದ್ರಾಮಪ್ಪ ಹುಣಸಗಿಯ ಪದರಗಳನ್ನು ತಂದು ಶಿರವಾಳದ ಹಗೇವಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟ. ಬದಲಾವಣೆಗೆ ಕಾರಣ ಬರೆಯಿರಿ ಎಂದು ಕಂಪ್ಯೂಟರ್ ಕೇಳಿತು. ಬರೆದ.

ಎರಡು ದಿನಕ್ಕೆ ಶಿರವಾಳದ ಗೇಟಿನ ಹತ್ತಿರ ಸಿಡಿಲು ಬಡಿದು ಡಬ್ಬಿಗೆ ಮರೆವು ಬಂತು. ಚಂದ್ರಾಮಪ್ಪ ಬಹಳ ಗಂಭೀರವಾಗಿ, ನಮ್ಮನ್ನೆಲ್ಲ ಸುತ್ತ ನಿಲ್ಲಿಸಿಕೊಂಡು, ಶಿರವಾಳದ ಹಗೇವಿನ ಎಲ್ಲಕ್ಕಿಂತ ಮೇಲಿನ ಪದರ ತೆಗೆದು ಡಬ್ಬಿಗೆ ಕಳಿಸಿದ. ಹಸಿರು ದೀಪ ಹತ್ತಿತು. ನಾವು ಚಪ್ಪಾಳೆ ತಟ್ಟಿದೆವು. ಶಿರವಾಳದಲ್ಲಿ ಕೂತ ಆ ಡಬ್ಬಿ ಈಗ ತನ್ನನ್ನು ಹುಣಸಗಿ ಎಂದು ತಿಳಿದುಕೊಂಡಿದೆ ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಹುಣಸಗಿಯ ಪಾಳಿ. ಕಚೇರಿಯ ಕಂಪ್ಯೂಟರ್ ಹೊತ್ತಿಗೆ ಸರಿಯಾಗಿ, ಹುಣಸಗಿ ಗೇಟು ತೆಗೆ ಎಂದು ಹುಕುಂ ಕೊಟ್ಟಿತು. ಒಂದೇ ಹೆಸರಿನ ಇಬ್ಬರಿದ್ದರೆ ಮೊದಲು ಓ ಎಂದವನದೇ ನಡೆಯುತ್ತದೆ. ಶಿರವಾಳದ ಡಬ್ಬಿ ಓ ಎಂದಿತು. ಅಲ್ಲಿಯ ಗೇಟು ಎದ್ದಿತು. ಹುಣಸಗಿಯ ಗೇಟು ಮುಚ್ಚಿಯೇ ಇತ್ತು, ಅದು ಕುಡಿಯಬೇಕಾದ ನೀರೆಲ್ಲ ತಿರುಗಿಯೂ ನೋಡದೆ ಕೆಳಗೆ ಹರಿಯಿತು.

ಹುಣಸಗಿಯ ನಾಗಣ್ಣ ಎಂಬ ರೈತ ಫೋನು ಮಾಡಿದ. "ಗೇಟ್ ತೆಗೀರಿ. ನಮ್ಮ ಪಾಳಿ ಅದ."

ಚಂದ್ರಾಮಪ್ಪ ಪರದೆ ನೋಡಿದ. ಹುಣಸಗಿ ಎಂಬುದರ ಮುಂದೆ ಹಸಿರು. "ತೆಗದದ್ರಿ. ನನಗ ಕಾಣಾಕತ್ತದ."

"ನನಗ ಕಾಣವಲ್ದು. ನಾನು ಗೇಟಿನ ಮ್ಯಾಲ ಕುಂತು ಮಾತಾಡಾಕತ್ತೀನಿ."

"ನೀವು ಬ್ಯಾರೆ ಗೇಟಿನ ಮ್ಯಾಲ ಕುಂತಿರಬೇಕ್ರಿ."

"ನಮ್ಮ ಮುತ್ಯಾ ಕಾಲಕ್ಕ ಹೊಲಾ ಇಲ್ಲೇ ಇತ್ತು, ನಮ್ಮಪ್ಪನ ಕಾಲಕ್ಕ ಕಾಲುವಿ ಇಲ್ಲಿ ಬಂತು. ನಾನು ಎದ್ದು ಎಲ್ಲಿ ಹೋಗಿ ಕೂಡಲಿ?"

"ಸ್ವಲ್ಪ ತಡೀರಿ, ನೀರು ಬರತಾವ. ಕಂಪ್ಯೂಟರ್ ಸುಳ್ಳ ಹೇಳೂದಿಲ್ಲ" ಎಂದು ಚಂದ್ರಾಮಪ್ಪ ಸಮಾಧಾನ ಹೇಳಿದ. ನಾಗಣ್ಣ ಕಂಪ್ಯೂಟರಿನ ತಾಯಿತಂದೆಯರ ಬಗ್ಗೆ ಎರಡು ಮಾತು ಆಡಿ ಫೋನಿಟ್ಟ.

ಮುಂದಿನ ಫೋನು ಶಿರವಾಳದ್ದು. ಬೀಗ ಹಣಮಂತ್ರಾಯನ ದನಿಯಲ್ಲಿ ಬೆಲ್ಲ ಕರಗಿತ್ತು.

"ಬೀಗರ, ಏನ್ ಹೇಳಲಿ. ಕಾಲುವಿ ತುಂಬ ನೀರು. ನಮ್ಮ ಕಡಿ ಇಂಥಾ ನೀರು ನಾನು ಕಂಡಾಂವಲ್ಲ. ಊರ ಮಂದಿ ಎಲ್ಲ ನಿಮ್ಮ ಹೆಸರು ತಗೊಂಡು ನೆಲ್ಲು ಹಚ್ಚಾಕತ್ಯಾರ. ತುಪ್ಪದ ಮಾತು ನಾನು ಮರತೆ. ನೀವೂ ಮರೀರಿ."

ಚಂದ್ರಾಮಪ್ಪನಿಗೆ ನೀರು ಯಾವುದು, ಹೆಸರು ಯಾಕೆ ಎಂಬುದೊಂದೂ ತಿಳಿಯಲಿಲ್ಲ. ಆದರೆ ಬೀಗ ಮುನಿಸು ಬಿಟ್ಟದ್ದು ತಿಳಿಯಿತು. "ಹೂಂ ಹೂಂ, ಇರಲಿ ಬಿಡ್ರಿ, ನಮ್ಮದು ನಿಮ್ಮದು ಏನದ" ಎಂದ. ಆ ಒಂದು ಮಾತು ಅವನಿಗೆ ಬಹಳ ದುಬಾರಿಯಾಯಿತು.

ಬೀಗ ಅದನ್ನು, ನೀರು ಕಳಿಸಿದ್ದು ಚಂದ್ರಾಮಪ್ಪನೇ ಎಂಬುದಕ್ಕೆ ಒಪ್ಪಿಗೆ ಎಂದು ತಿಳಿದ. ಸಂಜೆಯೊಳಗೆ ಶಿರವಾಳದಲ್ಲಿ, ಶಹಾಪುರದ ಬೀಗರು ಮಗಳ ಮನೆಗೆ ಉಡುಗೊರೆಯಾಗಿ ಕಾಲುವೆಯನ್ನೇ ಕಳಿಸಿದ್ದಾರೆ ಎಂದು ಸುದ್ದಿ. ಮೋನಮ್ಮನ ಕಿವಿಗೆ ಅದು ಬಿದ್ದು ಅವಳು ಉಂಡಿಯ ಪ್ರಮಾಣ ಇಮ್ಮಡಿ ಮಾಡಿದಳು. ಓಣಿಯ ಹೆಂಗಸರು ಬಂದು ಚಂದ್ರಾಮಪ್ಪನನ್ನು ಕಣ್ಣು ತುಂಬ ನೋಡಿ ಹೋದರು. ಸುದ್ದಿ ಸುರಪುರದ ಬಸ್ಸು ಹತ್ತಿ ಹುಣಸಗಿಗೂ ಹೋಯಿತು. ಅಲ್ಲಿಂದ ಮರುದಿನ ಮೊದಲ ಬಸ್ಸಿಗೆ ನಾಗಣ್ಣ ಮತ್ತು ಅವನ ಊರ ಮಂದಿ ನಮ್ಮ ಕಚೇರಿಗೆ ಬಂದರು.

ಸಾಹೇಬರ ಕೋಣೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ನಾಗಣ್ಣ ಬಾಗಿಲಲ್ಲೇ ಸುರು ಮಾಡಿದ. "ಸಾಹೇಬ್ರ, ಮಗಳಿಗಿ ಬಂಗಾರ ಹಾಕಲಿ, ಬಟ್ಟಿ ಕೊಡಲಿ, ನಮಗೇನು. ನಮ್ಮ ಪಾಳಿ ನೀರು ಯಾಕ ಕೊಡಬೇಕು?"

ಸಾಹೇಬರು ಕನ್ನಡಕ ತೆಗೆದರು. ವಹಾಬನನ್ನು ಸುರಪುರದಿಂದ ಕರೆಸಿದ್ದರು. ಅವನು ಪರದೆಯ ಮುಂದೆ ಕೂತು ಹಗೇವು ತೆರೆದ. ಯಾರು ಬದಲಿಸಿದ್ದು ಎಂಬಲ್ಲಿ ಚಂದ್ರಾಮಪ್ಪನ ಹೆಸರು. ಯಾಕೆ ಎಂಬಲ್ಲಿ ಅವನು ಬರೆದದ್ದನ್ನು ಸಾಹೇಬರು ತಾವೇ ಬಗ್ಗಿ, ಎಲ್ಲರಿಗೂ ಕೇಳುವಂತೆ ಓದಿದರು.

"ಸದರಿ ಶಿರವಾಳದ ಡಬ್ಬಿಯು ಮೂಲತಃ ಹುಣಸಗಿಯ ಮಗಳು. ಕೊಟ್ಟ ಮನೆಗೆ ಹೋದ ಮಾತ್ರಕ್ಕೆ ತವರಿನ ಹೆಸರು ಕಿತ್ತುಹಾಕುವುದು ಮನಸ್ಸಿಗೆ ಸರಿ ಬರಲಿಲ್ಲ. ಆದಕಾರಣ ತವರಿನದನ್ನೇ ಎಲ್ಲಕ್ಕಿಂತ ಮೇಲೆ ಇಡಲಾಗಿದೆ."

ಸಾಹೇಬರು ಇನ್ನೊಮ್ಮೆ ತಮ್ಮಷ್ಟಕ್ಕೆ ಓದಿಕೊಂಡರು. ಅವರಿಗೂ ಇಬ್ಬರು ಹೆಣ್ಣುಮಕ್ಕಳು, ಇಬ್ಬರನ್ನೂ ದೂರ ಕೊಟ್ಟಿದ್ದಾರೆ.

"ಡಬ್ಬಿಗಿ ತವರಮನಿನಾ?" ಎಂದು ನಾಗಣ್ಣ ವಹಾಬನನ್ನು ಕೇಳಿದ.

"ಇರೂದಿಲ್ರಿ" ಎಂದ ವಹಾಬ. ಆಮೇಲೆ ಚಂದ್ರಾಮಪ್ಪನ ಮುಖ ನೋಡಿ, "ಅಂದ್ರ, ಇಲ್ಲಿ ತನಕ ಇರಲಿಲ್ಲ" ಎಂದು ತಿದ್ದಿದ.

ಸರಿಯಾಗಿ ಆಗಲೇ ಹಣಮಂತ್ರಾಯ ಬಂದ. ಹೆಗಲ ಮೇಲೆ ಹೊಸ ಟವೆಲು, ಒಂದು ಕೈಯಲ್ಲಿ ತೆಂಗಿನಕಾಯಿ, ಇನ್ನೊಂದರಲ್ಲಿ ಶಾಲು. ಕೋಣೆಯಲ್ಲಿ ಕೂಡಿದ ಮಂದಿಯನ್ನು ಕಂಡು, ಇವರೆಲ್ಲ ತನ್ನ ಬೀಗನನ್ನು ಸನ್ಮಾನಿಸಲು ಬಂದವರು ಎಂದು ಅವನಿಗೆ ಅನ್ನಿಸಿರಬೇಕು. ಶಾಲಿನ ಮಡಿಕೆ ಬಿಚ್ಚುತ್ತ ನಡುವೆ ಬಂದು ನಿಂತ.

"ಸಾಹೇಬ್ರ ಎದುರಿಗಿ ಹೇಳತೀನಿ. ಮಗಳ ಹಿಂದ ಕಾಲುವಿ ಕಳಸಿದ ಅಪ್ಪನ್ನ ನಾನು ಎಲ್ಲೂ ಕೇಳಿಲ್ಲ. ಪಂಚಮಿಗಿ ಸೊಸೀನ್ನ ನಾನ ಖುದ್ದು ಕರಕೊಂಡು ಬರತೀನಿ."

ಹುಣಸಗಿಯವರು ಗದ್ದಲ ಎಬ್ಬಿಸಿದರು. ಸಾಹೇಬರು ಮೇಜು ತಟ್ಟಿ ಸುಮ್ಮನಾಗಿಸಿ, "ಚಂದ್ರಾಮಪ್ಪ, ಒಂದ ಮಾತಿನ್ಯಾಗ ಹೇಳ್ರಿ. ನೀರು ಬೇಕಂತ ಕಳಿಸೀರೋ, ತಪ್ಪಿ ಹೋಗ್ಯಾದೋ?" ಎಂದರು.

ಬೇಕೆಂದೇ ಎಂದರೆ ನೌಕರಿ ಹೋಗುತ್ತದೆ. ತಪ್ಪಿ ಎಂದರೆ, ಶಾಲು ಬಿಚ್ಚಿ ನಿಂತ ಬೀಗನ ಮಾನ ಇಷ್ಟು ಮಂದಿಯ ನಡುವೆ ಹೋಗುತ್ತದೆ, ಅವನ ಜೊತೆ ಮಗಳ ಪಂಚಮಿಯೂ ಹೋಗುತ್ತದೆ. ಚಂದ್ರಾಮಪ್ಪ ಮೊದಲು, "ನೀರು ತಾವ ಹೋಗ್ಯಾವ್ರಿ" ಎಂದು ಒಂದು ದಾರಿ ಹುಡುಕಿದ. ನೀರು ಯಾವಾಗಲೂ ತಾವೇ ಹೋಗುತ್ತವೆ, ಅದನ್ನು ಕೇಳಿಲ್ಲ ಎಂದರು ಸಾಹೇಬರು. ಆಗ ಅವನು ಬೀಗನ ಕಡೆ ನೋಡದೆ, ನಾಗಣ್ಣನ ಕಡೆ ನೋಡಿ ಹೇಳಿದ.

"ತಪ್ಪಿ ಹೋಗ್ಯಾದ್ರಿ. ತಪ್ಪು ನಂದ. ಮಗಳು ಬರಲಿ ಅಂತ ಜೀವ ಬಡಕೋತದ, ಅದು ಖರೆ. ಹಂಗಂತ ನಿಮ್ಮ ಮನಿ ಮಕ್ಕಳ ಪಾಲಿನ ನೀರು ಕಿತ್ತು ಕೊಡಾಂವ ನಾನಲ್ಲ. ಬೀಗರು ಅಂದಾಗ ಹೂಂ ಅಂದೆ, ಅದೂ ತಪ್ಪ."

ಬಿಚ್ಚಿದ ಶಾಲನ್ನು ಹಣಮಂತ್ರಾಯ ಒಂದು ಕ್ಷಣ ಹಾಗೇ ಹಿಡಿದುಕೊಂಡು ನಿಂತ. ಯಾರಿಗೆ ಹೊದಿಸಬೇಕು ಎಂದು ತಿಳಿಯದೆ ಸಾಹೇಬರನ್ನು ನೋಡಿದ. ಸಾಹೇಬರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಕೊನೆಗೆ ಅದನ್ನು ಅಂಚಿಗೆ ಅಂಚು ಕೂಡಿಸಿ ಮಡಚತೊಡಗಿದ. ಅಷ್ಟು ಹೊತ್ತು ಹಿಡಿದ ಮಡಚುವಿಕೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಮಡಚಿ ಕಂಕುಳಲ್ಲಿ ಇಟ್ಟುಕೊಂಡು ನಾಗಣ್ಣನಿಗೆ ಹೇಳಿದ.

"ತಪ್ಪಿ ಬಂದ ನೀರು ನಮಗ ಬ್ಯಾಡ. ಮುಂದಿನ ನಮ್ಮ ಪಾಳಿ ನೀವು ತಗೋರಿ."

"ನಿಮ್ಮ ಪಾಳಿಯೊಳಗ ನೀರ ಬರೂದಿಲ್ಲಂತಲ್ರಿ?"

"ಬರೂದಿಲ್ಲ. ಆದ್ರೂ ಕೊಟ್ಟೀನಿ."

ನಾಗಣ್ಣ ತಲೆ ಕೆರೆದುಕೊಂಡ. ಬೈಯಲು ಬಂದವನಿಗೆ ಇಷ್ಟು ಮರ್ಯಾದೆ ಸಿಕ್ಕರೆ ಕಷ್ಟವೇ. "ನೆಲ್ಲು ಹಚ್ಚೀರೇನು?" ಎಂದು ಕೇಳಿದ. "ಅರ್ಧಾ ಆಗ್ಯಾದ" ಎಂದ ಹಣಮಂತ್ರಾಯ. "ಅರ್ಧಾ ಹಚ್ಚಿ ಬಿಟ್ರ ಹ್ಯಾಂಗ. ಇನ್ನರ್ಧಾ ಹಚ್ಚಿ ಮುಗಸ್ರಿ. ನಮಗ ನಾಳಿಗಿ ಕೊಡಲಿ, ಒಂದು ದಿನಕ್ಕೇನು ಆಗೂದಿಲ್ಲ" ಎಂದು ನಾಗಣ್ಣ ಸಾಹೇಬರ ಕಡೆ ತಿರುಗಿದ. ಅದುವರೆಗೂ ಏನು ಹುಕುಂ ಕೊಡಬೇಕೆಂದು ತಿಳಿಯದಿದ್ದ ಸಾಹೇಬರು, ನಾನೂ ಅದನ್ನೇ ಹೇಳುವವನಿದ್ದೆ ಎಂದರು.

ವಹಾಬ ಡಬ್ಬಿಗೆ ಅದು ಶಿರವಾಳವೆಂದು ನೆನಪಿಸಿದ, ಮರುದಿನ ಹುಣಸಗಿಗೆ ನೀರು ಹೋಯಿತು. ಚಂದ್ರಾಮಪ್ಪನ ನೌಕರಿ ಉಳಿಯಿತು. ರಜೆ ಉಳಿಯಲಿಲ್ಲ. ಪಂಚಮಿಯ ದಿನವೂ ಕೂತು ಎಲ್ಲ ಹಗೇವುಗಳನ್ನು ಮೊದಲಿನಿಂದ ಮತ್ತೊಮ್ಮೆ ತಾಳೆ ನೋಡಿ, ವಹಾಬ ಹೇಳಿದಂತೆ ಇವೆಯೇ ಎಂದು ಖಾತ್ರಿ ಮಾಡಬೇಕೆಂದು ಶಿಕ್ಷೆಯಾಯಿತು. ಬೀಗ ತೆಂಗಿನಕಾಯಿಯನ್ನು ಮೇಜಿನ ಮೇಲೆ ಬಿಟ್ಟು, ಶಾಲು ಕಂಕುಳಲ್ಲೇ ಇಟ್ಟುಕೊಂಡು, ಸೊಸೆಯ ಮಾತೆತ್ತದೆ ಹೊರಟುಹೋದ. ಚಂದ್ರಾಮಪ್ಪನೂ ಕೇಳಲಿಲ್ಲ. ಹೇಗೆ ಕೇಳಬೇಕು.

ಮೋನಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇಮ್ಮಡಿ ಮಾಡಿದ ಉಂಡಿಗಳನ್ನು ಡಬರಿಗೆ ತುಂಬಿ ಮುಚ್ಚಳ ಹಾಕಿದಳು. ಹುಸೇನಬೀ ಬಂದು ಸಮಾಧಾನ ಹೇಳಿದಳು. "ಮೋನವ್ವ, ಕಾಯಿ ಬಿಟ್ಟು ಹೋಗ್ಯಾನಲ್ಲ, ಸಿಟ್ಟು ಇಲ್ಲ."

"ಶಾಲ ಒಯ್ದಾನಲ್ಲ ಅಕ್ಕಾ."

"ಶಾಲಿಗಿ ರೊಕ್ಕ ಬಿದ್ದಿರತಾದ, ಅದಕ ಒಯ್ದಾನ. ಸಿಟ್ಟು ಬಂದಿದ್ರ ಕಾಯೀನ ಒಯ್ತಿದ್ದ." ಹುಸೇನಬೀಯ ಈ ತರ್ಕವನ್ನು ಓಣಿಯವರು ಎರಡು ದಿನ ಚರ್ಚಿಸಿದರು. ತೀರ್ಮಾನವಾಗಲಿಲ್ಲ.

ಪಂಚಮಿಯ ದಿನ ಕಚೇರಿ ಖಾಲಿ. ನನಗೂ ಟಪಾಲು ಬಾಕಿ ಇದೆಯೆಂದು ಮನೆಯಲ್ಲಿ ಸುಳ್ಳು ಹೇಳಿ ನಾನೂ ಹೋಗಿ ಕೂತಿದ್ದೆ. ಅವನನ್ನು ಒಬ್ಬನೇ ಬಿಡಲು ಮನಸ್ಸಾಗಲಿಲ್ಲ. ಹೊರಗೆ ಬೇವಿನ ಮರಗಳಿಗೆಲ್ಲ ಜೋಕಾಲಿ ಬಿದ್ದಿದ್ದವು, ಹೆಣ್ಣುಮಕ್ಕಳ ನಗೆ ಕಿಟಕಿಯೊಳಗೆ ಬರುತ್ತಿತ್ತು. ಚಂದ್ರಾಮಪ್ಪ ಒಂದೊಂದೇ ಹಗೇವು ತಾಳೆ ನೋಡುತ್ತಿದ್ದ. ಶಿರವಾಳದ್ದನ್ನು ಮಾತ್ರ ಮುಟ್ಟದೆ ಕೊನೆಗೆ ಇಟ್ಟಿದ್ದ.

ಮಧ್ಯಾಹ್ನ ಬಾಗಿಲ ಮುಂದೆ ಮೋಟಾರ್‌ಸೈಕಲ್ಲು ನಿಂತಿತು. ಹಣಮಂತ್ರಾಯ. ಹಿಂದೆ ಹಸಿರು ಸೀರೆಯಲ್ಲಿ ಮರಿಲಿಂಗಮ್ಮ. ಚಂದ್ರಾಮಪ್ಪ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಹಣಮಂತ್ರಾಯ ಒಳಗೆ ಬರದೆ ಹೊಸ್ತಿಲಲ್ಲೇ ನಿಂತು ಹೇಳಿದ.

"ಬೀಗರ, ನೀರು ತಪ್ಪಿ ಬಂದಿದ್ವು. ಇಕಿ ತಪ್ಪಿ ಬಂದಾಕಿ ಅಲ್ಲ. ನಾನ ತಂದೀನಿ. ಮಂದಿ ಮುಂದ ಖರೆ ಹೇಳಿದ್ರಿ, ಅವತ್ತ ನನಗ ಸಿಟ್ಟು ಬಂತು. ಮನಿಗಿ ಹೋಗಿ ಉಣ್ಣಾಕ ಕುಂತಾಗ ಇಳೀತು." ಇಷ್ಟು ಹೇಳಿ, ಚಹಾ ಕುಡಿಯುವ ನೆಪದಲ್ಲಿ ಹೊರಟ.

ಅಪ್ಪ ಮಗಳು ಎದುರುಬದುರು ನಿಂತರು. ಆರಾಮ ಇದ್ದೀಯೇನವ್ವ ಎಂದ. ಆರಾಮ ಅದೀನಿ ಎಂದಳು. ಸೊರಗಿದ್ದಾಳೆಯೇ ಎಂದು ಅವನು ನೋಡುತ್ತಿದ್ದ. ಅವಳು ಸ್ವಲ್ಪ ದಪ್ಪವಾಗಿದ್ದಳು. ಅವನ ಕಣ್ಣು ತುಂಬಿದವು. ಮರಿಲಿಂಗಮ್ಮ ಅದನ್ನು ಕಂಡೂ ಕಾಣದಂತೆ ಪರದೆಯ ಹತ್ತಿರ ಹೋದಳು. ಸಾಲಾಗಿ ಊರ ಹೆಸರುಗಳು.

"ಯಪ್ಪಾ, ಇದರಾಗ ನಮ್ಮೂರಿಂದು ಯಾವುದು?"

ಚಂದ್ರಾಮಪ್ಪ ಉತ್ಸಾಹದಿಂದ ಬೆರಳು ಇಟ್ಟ. "ಇದಾ ನೋಡವ್ವ, ಶಹಾಪುರ."

"ಅದಲ್ಲಪ್ಪಾ," ಎಂದಳು ಮಗಳು, "ನಮ್ಮೂರು. ಶಿರವಾಳ."

ಬೆರಳು ಅಲ್ಲೇ ನಿಂತಿತು. ಹೊರಗೆ ಯಾರೋ ಜೋಕಾಲಿ ಜೀಕಿ ಕೂಗಿದರು. ಚಂದ್ರಾಮಪ್ಪ ಶಿರವಾಳದ ಹಗೇವು ತೆರೆದು, ಹುಣಸಗಿಯ ಪದರಗಳನ್ನು ಒಂದೊಂದಾಗಿ ಅದರಿಂದ ಇಳಿಸಿದ. ಉಳಿದದ್ದನ್ನು ಮಗಳಿಗೆ ತೋರಿಸಿ, "ಇದು ನೋಡವ್ವ, ನಿಮ್ಮೂರು" ಎಂದ. ಆಮೇಲೆ ಬಿದ್ದ ಕುರ್ಚಿಯನ್ನು ಎತ್ತಿ, ತನ್ನ ಟವೆಲಿನಿಂದ ಒರೆಸಿ, ಬೀಗರ ಮನೆಯವರಿಗೆ ಕೊಡುವ ಹಾಗೆ ಅವಳಿಗೆ ಕೊಟ್ಟು, ತಾನು ಪಕ್ಕದಲ್ಲಿ ನಿಂತುಕೊಂಡ.